ಜ್ವರ ಬಂದಾಗ ಬಸ್ಸು ಹತ್ತುವ ಮುನ್ನ

ಮಕ್ಕಳೇ, ಈ ಮಾತನ್ನು ಹಬ್ಬದ ಸಾಲು ಶುರುವಾಗುವ ಮೊದಲೇ ಹೇಳಿಬಿಡುತ್ತೇನೆ. ಹಬ್ಬ ಹತ್ತಿರ ಬಂದ ಮೇಲೆ ಹೇಳಿದರೆ ಯಾರ ಕಿವಿಗೂ ಬೀಳುವುದಿಲ್ಲ. ಅಷ್ಟು ಹೊತ್ತಿಗೆ ಟಿಕೆಟ್ ಆಗಿರುತ್ತದೆ, ರಜೆ ಮಂಜೂರಾಗಿರುತ್ತದೆ, ಅಮ್ಮನಿಗೆ ತೆಗೆದ ಸೀರೆ, ಅಪ್ಪನಿಗೆ ಕೊಂಡ ಚಪ್ಪಲಿ ಬ್ಯಾಗಿನ ತಳ ಸೇರಿರುತ್ತವೆ. ಹೊರಡುವ ಹಿಂದಿನ ಸಂಜೆ ಗಂಟಲು ಕೆರೆತ, ರಾತ್ರಿಗೆ ಮೈ ಬಿಸಿ. ಆಗ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: “ಒಂದು ಡೋಲೊ ತಗೊಂಡು ಬಸ್ ಹತ್ತು. ಬೆಳಿಗ್ಗೆ ಊರು ಮುಟ್ಟೋ ಹೊತ್ತಿಗೆ ಸರಿಹೋಗಿರತ್ತೆ.”

ತಾಲ್ಲೂಕು ಆಸ್ಪತ್ರೆಯಲ್ಲಿ ಸಿಸ್ಟರ್ ಆಗಿದ್ದು ನಿವೃತ್ತಳಾದವಳು ನಾನು. ಈ ಮಾತನ್ನು ಎಷ್ಟು ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಹೇಳುವವರು ಕೆಟ್ಟವರಲ್ಲ, ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಆ ಮಾತ್ರೆಗೆ ಗೊತ್ತಿರುವುದು ಜ್ವರ ಇಳಿಸುವ ಕೆಲಸವೊಂದೇ. ಮೂಗು-ಗಂಟಲಲ್ಲಿ ಕೂತ ರೋಗಾಣುವನ್ನು ಅದು ಮುಟ್ಟುವುದಿಲ್ಲ. ಮಾತ್ರೆ ನುಂಗಿದವರ ಮೈ ತಣ್ಣಗಾಗುತ್ತದೆ, ಹಗುರ ಅನ್ನಿಸುತ್ತದೆ. ಹಾಸಿಗೆಯಲ್ಲಿ ಇರಬೇಕಾದವರು ಎದ್ದು ನಾಲ್ಕು ಜನರ ನಡುವೆ ಹೋಗಿ ಕೂರುತ್ತಾರೆ. ಫ್ಲೂ ಜ್ವರವನ್ನೇ ತೆಗೆದುಕೊಳ್ಳಿ. ಅದು ಬಂದವರು ಜ್ವರ ಕಾಣುವ ಒಂದು ದಿನ ಮೊದಲಿನಿಂದ ಹಿಡಿದು, ಕಾಣಿಸಿದ ಮೇಲೆ 5ರಿಂದ 7 ದಿನದವರೆಗೆ ಇನ್ನೊಬ್ಬರಿಗೆ ಹಚ್ಚಬಲ್ಲರು. ಮೊದಲ ಮೂರು ನಾಲ್ಕು ದಿನವಂತೂ ಹೆಚ್ಚು. ನಾವು ಪ್ರಯಾಣ ಹೊರಡುವುದು ಸರಿಯಾಗಿ ಆ ದಿನಗಳಲ್ಲೇ. ಯಾವ ಮಾತ್ರೆಯ ನೆರವೂ ಇಲ್ಲದೆ ಪೂರ್ತಿ 24 ಗಂಟೆ ಜ್ವರ ಬಾರದೆ ಇದ್ದು, ಕೆಮ್ಮು-ಶೀತ ಇಳಿಮುಖವಾಗಿದ್ದರೆ ಆಗ ಹೊರಡುವ ಯೋಚನೆ ಮಾಡಿ. ಅದಾದ ಮೇಲೂ ನಾಲ್ಕೈದು ದಿನ ಜನರ ನಡುವೆ ಮಾಸ್ಕ್ ಇರಲಿ.

ನಮ್ಮ ಅಜ್ಜಿಯಂದಿರು ವೈರಸ್ ಅನ್ನುವ ಹೆಸರು ಕೇಳಿದವರಲ್ಲ. ಆದರೂ ಮಗುವಿಗೆ ಅಮ್ಮ ಬಂದರೆ ಏನು ಮಾಡಬೇಕೆಂದು ಅವರಿಗೆ ಗೊತ್ತಿತ್ತು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಿದ್ದರು. ಅದನ್ನು ಕಂಡ ನೆಂಟರು ಅಂಗಳದಲ್ಲೇ ನಿಂತು ಮಾತಾಡಿಸಿ ಹೋಗುತ್ತಿದ್ದರು, ಬಾಗಿಲು ದಾಟುತ್ತಿರಲಿಲ್ಲ. ಆ ಮನೆಯವರು ಮದುವೆ-ಮುಂಜಿಗೆ ಹೋಗುತ್ತಿರಲಿಲ್ಲ, ಯಾಕೆ ಬರಲಿಲ್ಲ ಎಂದು ಯಾರೂ ಮುನಿಸಿಕೊಳ್ಳುತ್ತಲೂ ಇರಲಿಲ್ಲ. ಗುಳ್ಳೆ ಒಣಗಿ, ಹಕ್ಕಳೆ ಉದುರಿ, ಬೇವು-ಅರಿಸಿನದ ನೀರು ತಲೆಗೆ ಎರೆದ ಮೇಲೇ ಮಗು ಹೊಸ್ತಿಲು ದಾಟುತ್ತಿದ್ದುದು. ಈಗ ವೈದ್ಯರು ಹೇಳುವುದೂ ಹೆಚ್ಚು ಕಡಿಮೆ ಅದನ್ನೇ. ಸೀತಾಳೆ ಸಿಡುಬು ಗುಳ್ಳೆ ಏಳುವ ಒಂದೆರಡು ದಿನ ಮೊದಲಿನಿಂದ ಶುರುವಾಗಿ, ಎಲ್ಲ ಗುಳ್ಳೆಯೂ ಒಣಗಿ ಹಕ್ಕಳೆ ಕಟ್ಟುವವರೆಗೆ ಹರಡುತ್ತದೆ. ದೇವಿಯ ಕೋಪ ಎಂದುಕೊಂಡು ಮಗುವನ್ನು ಆಸ್ಪತ್ರೆಗೆ ತೋರಿಸದೆ ಕೂರುವುದನ್ನು ನಾನು ಒಪ್ಪುವುದಿಲ್ಲ, ಅದರಿಂದ ಹೋದ ಜೀವಗಳನ್ನು ಕಂಡಿದ್ದೇನೆ. ಆದರೆ ಆ ಬೇವಿನ ಸೊಪ್ಪು ಇತ್ತಲ್ಲ, ಅದು ಊರಿಗೆಲ್ಲ ಮುಚ್ಚುಮರೆ ಇಲ್ಲದೆ ವಿಷಯ ತಿಳಿಸುತ್ತಿತ್ತು. ನಾವು ಸೊಪ್ಪು ಕಟ್ಟುವುದನ್ನು ಬಿಟ್ಟೆವು, ಅದರ ಜೊತೆಗೆ ಹೇಳುವುದನ್ನೂ ಬಿಟ್ಟೆವು.

ಒಮ್ಮೆ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೊರಟಿದ್ದೆ. ಮುಂದಿನ ಸೀಟಿನಲ್ಲಿ ತಾಯಿ, ನಾಲ್ಕೈದು ವರ್ಷದ ಮಗ. ಬೇಸಿಗೆಯ ಸೆಕೆಯಲ್ಲೂ ಹುಡುಗನಿಗೆ ಮಂಕಿ ಕ್ಯಾಪು, ತುಂಬುದೋಳಿನ ಸ್ವೆಟರು, ಮೇಲೆ ಶಾಲು. ಹುಡುಗ ತಡೆಯಲಾರದೆ ತೋಳು ಎಳೆದುಕೊಂಡು ಪರಪರ ಕೆರೆದುಕೊಂಡ. ಮೊಣಕೈ ಹತ್ತಿರ ನೀರುಗುಳ್ಳೆ, ಪಕ್ಕದಲ್ಲೇ ಈಗಷ್ಟೇ ಕೆಂಪಗೆ ಏಳುತ್ತಿರುವ ಬೊಕ್ಕೆ, ಅದರ ಕೆಳಗೆ ಒಡೆದು ಒಣಗಿದ್ದು. ಹಳೆಯದು ಹೊಸದು ಒಂದೇ ಕಡೆ ಕಂಡರೆ ಅದು ಸೀತಾಳೆಯೇ, ನಮ್ಮಂಥವರಿಗೆ ಎರಡನೇ ಸಲ ನೋಡಬೇಕಿಲ್ಲ. ನಾನು ನೋಡಿದ್ದು ಆ ತಾಯಿಗೂ ಗೊತ್ತಾಯಿತು. ಹಿಂದಕ್ಕೆ ಬಾಗಿ, “ದಮ್ಮಯ್ಯ, ಯಾರಿಗೂ ಹೇಳಬ್ಯಾಡಿ ಅಮ್ಮಾ, ಇಳಿಸಿಬಿಡ್ತಾರೆ. ನಾಳೆ ನಾನು ಫ್ಯಾಕ್ಟರಿಗೆ ಹೋಗದಿದ್ರೆ ಕೆಲಸ ಹೋಗತ್ತೆ” ಅಂದಳು. ಗಾರ್ಮೆಂಟ್ಸ್ ಹುಡುಗಿ. ನಡುವಿನ ದಾರಿಯ ಆ ಕಡೆಯ ಸೀಟಿನಲ್ಲಿ ತುಂಬಿದ ಬಸುರಿ ಒಬ್ಬಳು ಕಿಟಕಿಗೆ ತಲೆಯಾನಿಸಿ ನಿದ್ದೆ ಮಾಡುತ್ತಿದ್ದಳು.

ಅವಳನ್ನು ಎಬ್ಬಿಸಿ ಮೆಲ್ಲಗೆ ಕೇಳಿದೆ, ಚಿಕ್ಕವಳಿದ್ದಾಗ ಅಮ್ಮ ಆಗಿತ್ತಾ ಎಂದು. ಆಗಿತ್ತಂತೆ, ಕೆನ್ನೆಯ ಮೇಲೆ ಕಲೆಯೂ ಇತ್ತು. ಒಮ್ಮೆ ಬಂದು ಹೋದವರಿಗೆ ಸಾಮಾನ್ಯವಾಗಿ ಮತ್ತೆ ಬಾರದು, ಅಷ್ಟರ ಮಟ್ಟಿಗೆ ನನಗೆ ಉಸಿರು ಬಂತು. ಆಮೇಲೆ ಕಂಡಕ್ಟರ್ ಹತ್ತಿರ ಹೋಗಿ ವಿಷಯ ಹೇಳಿದೆ. ಆತ ಕೂಗಾಡಲಿಲ್ಲ. ತಾಯಿ-ಮಗುವನ್ನು ಹಿಂದಿನ ಖಾಲಿ ಸೀಟಿಗೆ ಕಳಿಸಿ ಅಲ್ಲಿಯ ಕಿಟಕಿ ಪೂರ್ತಿ ತೆರೆಸಿದ, ಬಸುರಿಯನ್ನು ತನ್ನ ಸೀಟಿನ ಹತ್ತಿರ ಮುಂದಕ್ಕೆ ಕರೆದ. ಸೀತಾಳೆ ಗಾಳಿಯಲ್ಲಿ ಹೋಗುವ ರೋಗ, ಸೀಟು ಬದಲಿಸಿದ್ದರಿಂದ ಎಲ್ಲ ಅಪಾಯ ತಪ್ಪಿತು ಅನ್ನಲಾರೆ. ಆದರೆ ಹೇಳಿದರೆ ಇಳಿಸಿಯೇ ಬಿಡುತ್ತಾರೆ ಎಂಬ ಆ ಹೆಣ್ಣುಮಗಳ ಹೆದರಿಕೆ ಆವತ್ತು ಸುಳ್ಳಾಯಿತು.

ನಿಮ್ಮ ಪಕ್ಕದ ಸೀಟಿನವರು ಯಾರು ಎಂದು ನಿಮಗೆ ಗೊತ್ತಿರುವುದಿಲ್ಲ, ನಾನು ಹೇಳಬೇಕೆಂದಿರುವುದರ ತಿರುಳು ಇದು. ಉತ್ತರ ಕರ್ನಾಟಕದಿಂದ ಬೆಂಗಳೂರಿಗೆ ಬರುವ ರಾತ್ರಿ ಬಸ್ಸು-ರೈಲುಗಳಲ್ಲಿ ಕಿದ್ವಾಯಿ ಆಸ್ಪತ್ರೆಗೆ ಕಿಮೋ ತೆಗೆದುಕೊಳ್ಳಲು ಹೊರಟವರು ಇರುತ್ತಾರೆ. ತಲೆಗೆ ವಸ್ತ್ರ ಸುತ್ತಿಕೊಂಡು ಸುಮ್ಮನೆ ಕೂತಿರುತ್ತಾರೆ. ಅವರ ಮೈಯಲ್ಲಿ ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣ ಕಡಿಮೆಯಾಗಿರುತ್ತದೆ. ಕಿಡ್ನಿ ಕಸಿ ಮಾಡಿಸಿಕೊಂಡವರು, ಬಾಣಂತಿಯ ಮಡಿಲಲ್ಲಿ ಹಸುಗೂಸು, ಸಕ್ಕರೆ ಕಾಯಿಲೆಯ ಮುದುಕರು, ಎಲ್ಲರೂ ಅದೇ ಬಸ್ಸಿನಲ್ಲಿ. ನಿಮಗೆ ಮೂರು ದಿನದ ತಲೆನೋವಾಗಿ ಹೋಗುವ ಜ್ವರ ಅವರನ್ನು ಐಸಿಯುಗೆ ತಳ್ಳಬಹುದು. ತಳ್ಳಿದ್ದು ಯಾರೆಂದು ಅವರಿಗೂ ತಿಳಿಯುವುದಿಲ್ಲ, ನಿಮಗೂ ತಿಳಿಯುವುದಿಲ್ಲ. ಹಾಗಾಗಿಯೇ ಇದನ್ನು ಬೇರೆ ಯಾರೂ ತಡೆಯಲಾರರು, ಹೊರಡುವವರು ತಾವೇ ತಡೆಯಬೇಕು.

ಗಾಳಿಯಲ್ಲಿ ಹರಡುವುದರಲ್ಲಿ ದಡಾರವನ್ನು ಮೀರಿಸುವ ರೋಗ ಇಲ್ಲವೆಂದೇ ಹೇಳಬೇಕು. ದಡಾರ ಬಂದವರು ಎದ್ದು ಹೋದ ಮೇಲೂ ಆ ಕೋಣೆಯ ಗಾಳಿಯಲ್ಲಿ ಎರಡು ಗಂಟೆಯವರೆಗೆ ಅದು ಉಳಿಯಬಲ್ಲದು. ಮೈಮೇಲೆ ಕೆಂಪು ಗಂಧೆ ಕಾಣುವ 4 ದಿನ ಮೊದಲೇ ಹರಡಲು ಶುರುವಾಗಿ, ಕಂಡ ಮೇಲೆ 4 ದಿನ ಹರಡುತ್ತದೆ. 2014ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಲ್ಲಿ ಹೀಗೆಯೇ ಆಯಿತು. ರಜೆಗೆಂದು ಬಂದ ಜನರ ನಡುವೆ ದಡಾರ ಹಬ್ಬಿ, ಅವರು ತಂತಮ್ಮ ಊರಿಗೆ ಹಿಂದಿರುಗಿದಾಗ ಜೊತೆಗೇ ಹೋಗಿ, ನೂರಕ್ಕೂ ಹೆಚ್ಚು ಜನ ಮಲಗಿದರು. ಅಮೆರಿಕದಿಂದ ಹಸುಗೂಸನ್ನು ಎತ್ತಿಕೊಂಡು ಅಜ್ಜಿಮನೆಗೆ ಬರುವ ನಮ್ಮ ಮಕ್ಕಳಿಗೆ ಇಲ್ಲೊಂದು ಮಾತು. ದಡಾರದ ಮೊದಲ ಚುಚ್ಚುಮದ್ದು ನಮ್ಮಲ್ಲಿ 9 ತಿಂಗಳು ತುಂಬಿದ ಮೇಲೆ ಕೊಡುತ್ತಾರೆ, ಅಲ್ಲಿ ವರ್ಷ ತುಂಬಿದ ಮೇಲೆ. ಆದರೆ ದೇಶ ದಾಟುವ ಮಗುವಿಗೆ 6 ತಿಂಗಳು ತುಂಬಿದ್ದರೆ ಮುಂಚಿತವಾಗಿ ಒಂದು ಡೋಸ್ ಹಾಕಿಸಬಹುದೆಂದು ಅಲ್ಲಿಯ ವೈದ್ಯರೇ ಹೇಳುತ್ತಾರೆ. ಟಿಕೆಟ್ ತೆಗೆಯುವಾಗಲೇ ವಿಚಾರಿಸಿ.

2007ರಲ್ಲಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದ ಒಂದು ಪ್ರಸಂಗ ನನ್ನ ಮನಸ್ಸಿನಲ್ಲಿ ಇನ್ನೂ ಇದೆ. ಅಮೆರಿಕದ ಅಟ್ಲಾಂಟಾದ ಒಬ್ಬ ತರುಣ ವಕೀಲನಿಗೆ ಔಷಧಿಗೆ ಜಗ್ಗದ ಕ್ಷಯ ಇರುವುದು ಗೊತ್ತಾಯಿತು. ಅವನ ಮದುವೆ ಗ್ರೀಸಿನಲ್ಲಿ ಗೊತ್ತಾಗಿತ್ತು. ಹೋಗದಿರುವುದು ಒಳ್ಳೆಯದು ಎಂದಿದ್ದೆವು ಎಂದು ಆರೋಗ್ಯಾಧಿಕಾರಿಗಳು ಹೇಳಿದರು. ಹೋಗಬೇಡ ಎಂದು ಯಾರೂ ಖಡಾಖಂಡಿತವಾಗಿ ಹೇಳಲಿಲ್ಲ, ನನ್ನಿಂದ ಹರಡುವುದಿಲ್ಲ ಅಂದಿದ್ದರು ಎಂದು ಅವನು ಹೇಳಿದ. ಅಂತೂ ಮೇ ತಿಂಗಳಲ್ಲಿ ವಿಮಾನ ಹತ್ತಿದ. ರೋಮಿನಲ್ಲಿದ್ದಾಗ ಅಮೆರಿಕದಿಂದ ಫೋನು ಬಂತು: ಪರೀಕ್ಷೆಯ ಪ್ರಕಾರ ನಿನ್ನದು ಇನ್ನೂ ಭೀಕರವಾದ, ಹೆಚ್ಚುಕಡಿಮೆ ಯಾವ ಔಷಧಿಗೂ ಬಗ್ಗದ ಕ್ಷಯ, ಪ್ರಯಾಣಿಕರ ವಿಮಾನ ಹತ್ತಬೇಡ. ಅವನು ಪ್ರಾಗಿಗೆ ಹೋಗಿ ಅಲ್ಲಿಂದ ಕೆನಡಾದ ಮಾಂಟ್ರಿಯಲ್‌ಗೆ ವಿಮಾನದಲ್ಲಿ ಹಾರಿ, ಕಾರಿನಲ್ಲಿ ಗಡಿ ದಾಟಿ ತನ್ನ ದೇಶ ಸೇರಿದ. ಇವನನ್ನು ತಡೆಯಿರಿ ಎಂಬ ಸೂಚನೆ ಕಂಪ್ಯೂಟರಿನಲ್ಲಿ ಬಂದಿದ್ದರೂ ಗಡಿಯ ಅಧಿಕಾರಿ ಬಿಟ್ಟುಬಿಟ್ಟ. ಆಮೇಲೆ ಸರ್ಕಾರ ಅವನನ್ನು ಪ್ರತ್ಯೇಕವಾಗಿ ಇಡುವ ಆದೇಶ ಹೊರಡಿಸಿತು. ಅಮೆರಿಕದ ಕೇಂದ್ರ ಸರ್ಕಾರ ಅಂಥ ಆದೇಶ ಕೊಟ್ಟದ್ದು 1963ರಿಂದ ಈಚೆಗೆ ಅದೇ ಮೊದಲು. ಜುಲೈ ಹೊತ್ತಿಗೆ ಮತ್ತೆ ಪರೀಕ್ಷೆ ಮಾಡಿದಾಗ ಮೊದಲು ತಿಳಿದಷ್ಟು ಭೀಕರ ಬಗೆಯದಲ್ಲ, ಚಿಕಿತ್ಸೆಗೆ ಬಗ್ಗುವಂಥದ್ದು ಎಂದು ಗೊತ್ತಾಯಿತು.

ಅವನ ಸಂಕಟ ನನಗೆ ಅರ್ಥವಾಗುತ್ತದೆ. ಮದುವೆಗೆಂದು ಹೋಗಿದ್ದವನು, ಪರದೇಶದ ಆಸ್ಪತ್ರೆಯಲ್ಲಿ ಸಿಕ್ಕಿಬಿದ್ದರೆ ಸತ್ತೇಹೋಗುತ್ತೇನೆಂದು ಹೆದರಿದ. ಅಧಿಕಾರಿಗಳೂ ಮೊದಲೇ ಸ್ಪಷ್ಟವಾಗಿ ಹೇಳಬೇಕಿತ್ತು. ಆದರೆ ಮಾಂಟ್ರಿಯಲ್ ವಿಮಾನದಲ್ಲಿ ಅವನ ಹಿಂದೆ ಮುಂದೆ ಕೂತಿದ್ದವರಿಗೂ ಮನೆ-ಮಕ್ಕಳು ಇದ್ದರು. ಎಂಟು ಗಂಟೆಗಿಂತ ಹೆಚ್ಚಿನ ವಿಮಾನಯಾನದಲ್ಲಿ ಹರಡುವ ಕ್ಷಯದವರೊಬ್ಬರು ಇದ್ದರೆ, ಅದೇ ಸಾಲಿನವರನ್ನೂ ಹಿಂದಿನ ಎರಡು, ಮುಂದಿನ ಎರಡು ಸಾಲಿನವರನ್ನೂ ಹುಡುಕಿ ಪರೀಕ್ಷಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಷ್ಟೂ ಜನ ವಾರಗಟ್ಟಲೆ ಹೆದರಿಕೆಯಲ್ಲಿ ಕಾಯಬೇಕಾಯಿತು. ಕೂರಬೇಕೋ ಬೇಡವೋ ಎಂದು ಅವರನ್ನು ಯಾರೂ ಕೇಳಿರಲಿಲ್ಲ. ಅವನು ಮಾಡಿದ್ದು ತಪ್ಪು ಎಂದು ನಾನು ಹೇಳುವುದು ಆ ಕಾರಣಕ್ಕೆ, ಕೊನೆಗೆ ರೋಗ ಎಷ್ಟು ಭೀಕರದ್ದಾಗಿತ್ತು ಎಂಬುದರ ಮೇಲಲ್ಲ.

ಮುಚ್ಚಿಡುವುದು ನಮ್ಮಲ್ಲೂ ಹೊಸದಲ್ಲ. 1896ರಲ್ಲಿ ಬೊಂಬಾಯಿಗೆ ಬಂದ ಪ್ಲೇಗು ರೈಲು ಹಿಡಿದು ಹುಬ್ಬಳ್ಳಿಯ ಕಡೆಯಿಂದ 1898ರ ಆಗಸ್ಟಿನಲ್ಲಿ ಬೆಂಗಳೂರು ಮುಟ್ಟಿತು. ಇಕ್ಕಟ್ಟಿನ ಪೇಟೆ ಬಿಟ್ಟು ಮಲ್ಲೇಶ್ವರ, ಬಸವನಗುಡಿ ಬೆಳೆದದ್ದರ ಹಿಂದೆ ಆ ಪ್ಲೇಗಿನ ನೆನಪಿದೆ. ಆಗ ರೋಗಿಗಳನ್ನು ಮನೆಯಿಂದ ಬಲವಂತವಾಗಿ ಎಳೆದೊಯ್ದು ಬೇರೆ ಶಿಬಿರದಲ್ಲಿ ಹಾಕುತ್ತಿದ್ದರು, ಮನೆಯ ಸಾಮಾನು ಸುಡುತ್ತಿದ್ದರು. ಜನ ಹೆದರಿ ರೋಗಿಗಳನ್ನು ಬಚ್ಚಿಟ್ಟರು, ಬಚ್ಚಿಟ್ಟುಕೊಂಡೇ ಊರು ಬಿಟ್ಟು ಓಡಿದರು. ಓಡಿದಲ್ಲೆಲ್ಲ ಪ್ಲೇಗು ಹೋಯಿತು. ಕಾಯಿಲೆಯವರನ್ನು ಅಪರಾಧಿಯಂತೆ ನಡೆಸಿಕೊಂಡ ಕಡೆ ಯಾರೂ ಬಾಯಿ ಬಿಡುವುದಿಲ್ಲ.

ಕಾನೂನು ಇಲ್ಲವೆಂದಲ್ಲ. ಪ್ರಾಣಕ್ಕೆ ಅಪಾಯಕಾರಿಯಾದ ರೋಗ ಹರಡೀತೆಂದು ಗೊತ್ತಿದ್ದೂ ಅಜಾಗರೂಕತೆಯಿಂದ ನಡೆದುಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 271ನೇ ಕಲಂ ಪ್ರಕಾರ 6 ತಿಂಗಳವರೆಗೆ ಜೈಲು, ದುರುದ್ದೇಶದಿಂದ ಹರಡಿದರೆ 272ನೇ ಕಲಂ ಪ್ರಕಾರ 2 ವರ್ಷದವರೆಗೆ. ಆದರೆ ನನಗೆ ಹಿಡಿಸುವುದು 1989ರ ರೈಲ್ವೆ ಕಾಯ್ದೆಯ 56ನೇ ಕಲಂ. ಪಟ್ಟಿಯಲ್ಲಿರುವ ಸಾಂಕ್ರಾಮಿಕ ರೋಗ ಇರುವವರು ಅನುಮತಿ ಇಲ್ಲದೆ ರೈಲು ಹತ್ತಬಾರದು, ಹತ್ತಿದರೆ ಟಿಕೆಟ್ ಮುಟ್ಟುಗೋಲು ಹಾಕಿ ಇಳಿಸಬಹುದು ಎಂದು ಅದು ಹೇಳುತ್ತದೆ. ಅಷ್ಟಕ್ಕೇ ನಿಲ್ಲುವುದಿಲ್ಲ. ಅನುಮತಿ ಕೊಟ್ಟ ರೈಲ್ವೆ ಸಿಬ್ಬಂದಿ ಅವರನ್ನು ಬೇರೆ ಪ್ರಯಾಣಿಕರಿಂದ ಪ್ರತ್ಯೇಕವಾಗಿ ಕೂರಿಸುವ ವ್ಯವಸ್ಥೆ ಮಾಡಬೇಕು ಎಂದೂ ಅದರಲ್ಲಿದೆ. ಕೇಳಿಕೊಂಡು ಬಂದವರಿಗೆ ದಾರಿ ಇದೆ, ಕದ್ದು ಹತ್ತಿದವರಿಗೆ ಇಲ್ಲ.

ಕ್ಷಯದ ವಿಷಯ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮಲ್ಲಿ ಅದು ದುಡಿಯಲು ಹೋದವರ ಜೊತೆ ಊರೂರು ಸುತ್ತುತ್ತದೆ. ರಾಯಚೂರು, ಕಲಬುರಗಿ, ಯಾದಗಿರಿಯಿಂದ ಕಟ್ಟಡ ಕೆಲಸಕ್ಕೆ ಬೆಂಗಳೂರಿಗೆ, ಪುಣೆಗೆ, ಮುಂಬಯಿಗೆ ಗುಳೆ ಹೋಗುವ ಜನ ಇದ್ದಾರೆ. ಎರಡು ವಾರ ದಾಟಿದ ಕೆಮ್ಮು ಇದ್ದರೆ ಹೊರಡುವ ಮೊದಲು ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡು ಕೊಡಬೇಕಿಲ್ಲ. ಮಾತ್ರೆ ಶುರುವಾಗಿ, ಅದು ನಾಟುತ್ತಿದ್ದರೆ, ಸುಮಾರು ಎರಡು ವಾರದಲ್ಲಿ ಹರಡುವ ಶಕ್ತಿ ಬಹಳ ಕಡಿಮೆಯಾಗುತ್ತದೆ. ಅಲ್ಲಿಯವರೆಗೆ ತಡೆಯಿರಿ, ವೈದ್ಯರು ಹೂಂ ಅಂದ ಮೇಲೆ ಹೊರಡಿ. ಹೋಗುವ ವಿಷಯವನ್ನು ಆಸ್ಪತ್ರೆಯ ಟಿಬಿ ವಿಭಾಗದಲ್ಲಿ ಹೇಳಿದರೆ, ನಿಕ್ಷಯ್ ಎಂಬ ಆನ್‌ಲೈನ್ ದಾಖಲೆಯಲ್ಲಿ ನಿಮ್ಮ ಚಿಕಿತ್ಸೆಯನ್ನು ಹೋಗುವ ಊರಿಗೆ ವರ್ಗಾಯಿಸುತ್ತಾರೆ. ಹೇಳದೆ ಹೋದವರು ಮಾತ್ರೆ ಮುಗಿದ ದಿನ ನಿಲ್ಲಿಸುತ್ತಾರೆ. ಔಷಧಿಗೆ ಜಗ್ಗದ ಕ್ಷಯ ಹೀಗೆ ಅರ್ಧಕ್ಕೆ ಬಿಟ್ಟವರ ಮೈಯಲ್ಲಿ ಹುಟ್ಟಬಹುದು. ಇನ್ನೊಂದು ಮಾತು, ಚಿಕಿತ್ಸೆಯಲ್ಲಿ ಇದ್ದು ಹರಡುವ ಹಂತ ದಾಟಿದವರ ಪಕ್ಕ ಕೂರಲು ಮುಖ ಸಿಂಡರಿಸಬೇಡಿ. ಅವರು ಮಾಡಬೇಕಾದ್ದನ್ನು ಮಾಡಿದ್ದಾರೆ.

ಹೊಟ್ಟೆಯ ಕಾಯಿಲೆಗಳ ಬಗ್ಗೆ ಚಿಕ್ಕದಾಗಿ. ವಾಂತಿ-ಭೇದಿ ಆದವರು ನಿಂತ ಮೇಲೂ ಎರಡು ದಿನ ಮದುವೆಮನೆಯ ಅಡುಗೆಗೆ, ಬಡಿಸಲಿಕ್ಕೆ ಕೈ ಹಾಕಬೇಡಿ. ಎಷ್ಟೇ ಹತ್ತಿರದ ನೆಂಟರಿರಲಿ, ಹೋಳಿಗೆ ಎಷ್ಟೇ ಚೆನ್ನಾಗಿ ಮಾಡುವವರಿರಲಿ. ಕಣ್ಣುಬೇನೆ ಬಂದವರ ಟವೆಲ್ಲು, ದಿಂಬು ಬೇರೆ ಇರಲಿ. ಡೆಂಗಿ ಮನುಷ್ಯರಿಂದ ಮನುಷ್ಯರಿಗೆ ನೇರವಾಗಿ ಬರುವುದಿಲ್ಲ ಎಂದು ನಿಶ್ಚಿಂತೆಯಾಗಿ ಊರಿಗೆ ಹೋಗುವವರಿದ್ದಾರೆ. ಅವರನ್ನು ಕಚ್ಚಿದ ಸೊಳ್ಳೆ ಮನೆಯವರನ್ನೂ ಕಚ್ಚುತ್ತದೆ. ಡೆಂಗಿಯ ಸೊಳ್ಳೆ ಹಗಲು ಕಚ್ಚುವಂಥದ್ದು, ಜ್ವರದ ಮೊದಲ ವಾರ ಹಗಲಲ್ಲೂ ಸೊಳ್ಳೆಪರದೆಯೊಳಗೇ ಮಲಗಬೇಕು. ಇನ್ನು ಮಂಗನ ಕಾಯಿಲೆ ಉಣ್ಣೆಯಿಂದ ಬರುತ್ತದೆ, ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಮಲೆನಾಡಿನಿಂದ ಬಂದವರೆಂದು ಅವರನ್ನು ದೂರ ಕೂರಿಸುವುದು ಅನ್ಯಾಯ.

ಕೆಲವೊಮ್ಮೆ ಹೋಗಲೇಬೇಕಾಗುತ್ತದೆ. ಆಸ್ಪತ್ರೆಗೇ ಹೋಗಬೇಕು, ಹೆತ್ತವರ ಕೊನೆಗಾಲ, ಅಂಥದ್ದು. ಉಸಿರಾಟದ ತೊಂದರೆಯಂಥ ತುರ್ತು ಇದ್ದರೆ 108ಕ್ಕೆ ಫೋನ್ ಮಾಡುವಾಗಲೇ ಏನು ಕಾಯಿಲೆ ಎಂದು ಹೇಳಿ, ಅವರು ಸಿದ್ಧವಾಗಿ ಬರುತ್ತಾರೆ. ಬಾಡಿಗೆ ಕಾರಾದರೆ ಚಾಲಕರಿಗೆ ಮೊದಲೇ ತಿಳಿಸಿ, ಕಿಟಕಿ ತೆರೆದಿರಲಿ, ಎಸಿ ಬೇಡ. ಅವರಿಗೂ ಮನೆಯಲ್ಲಿ ಮಕ್ಕಳಿರುತ್ತಾರೆ, ಒಲ್ಲೆ ಅನ್ನುವ ಹಕ್ಕು ಅವರಿಗಿದೆ. ಬಸ್ಸೇ ಗತಿಯಾದರೆ ಕಿಟಕಿ ತೆರೆಯುವ ಸಾದಾ ಬಸ್ಸು, ಜನ ಕಡಿಮೆ ಇರುವ ಹೊತ್ತು. ಮಾಸ್ಕ್ ಮೂಗನ್ನು ಮುಚ್ಚಿರಲಿ, ಗಲ್ಲಕ್ಕೆ ಇಳಿಸಿದ ಮಾಸ್ಕ್‌ನಿಂದ ಏನೂ ಪ್ರಯೋಜನವಿಲ್ಲ. ಪಕ್ಕದವರಿಗೆ ಒಂದು ಮಾತು ಹೇಳಿ: “ನನಗೆ ಜ್ವರ ಇದೆ, ನೀವು ಬೇರೆ ಕಡೆ ಕೂರೋದಾದ್ರೆ ಕೂತ್ಕೊಳ್ಳಿ.” ಹೇಳಲು ನಾಲಿಗೆ ತಡವರಿಸುತ್ತದೆ, ನಿಜ. ಆದರೆ ಅವರ ಆಯ್ಕೆಯನ್ನು ಅವರಿಗೇ ಬಿಟ್ಟುಕೊಟ್ಟಂತಾಗುತ್ತದೆ.

ಇಷ್ಟು ಹೊತ್ತು ಎಳೆಯರಿಗೆ ಹೇಳಿದೆ. ಇನ್ನು ನನ್ನ ಓರಗೆಯವರಿಗೆ. “ಸಣ್ಣ ಜ್ವರಕ್ಕೆಲ್ಲ ಹಬ್ಬ ತಪ್ಪಿಸ್ತಾರಾ”, “ಅಣ್ಣನ ಮಗಳ ಮದುವೆಗೆ ಬರದವನು ಇನ್ನು ಯಾವಾಗ ಬರ್ತೀಯ” ಎನ್ನುವವರು ನಾವೇ ತಾನೆ? ಬಾರದಿದ್ದರೆ ವರ್ಷಗಟ್ಟಲೆ ಆಡಿಕೊಳ್ಳುವವರೂ ನಾವೇ. ಆ ಮಾತಿಗೆ ಅಂಜಿ ಎಷ್ಟೋ ಮಕ್ಕಳು ಮಾತ್ರೆ ನುಂಗಿ ಬಸ್ಸು ಹತ್ತುತ್ತಾರೆ. ರಜೆ ಕೊಡದ ಮೇಲಧಿಕಾರಿಗಳು, ಒಂದು ದಿನ ಬಾರದಿದ್ದರೆ ಸಂಬಳ ಹಿಡಿಯುವ ಮಾಲೀಕರು, ಹಾಜರಾತಿಗಾಗಿ ಜ್ವರದ ಮಗುವನ್ನು ಕರೆಸಿಕೊಳ್ಳುವ ಶಾಲೆಗಳು, ಇವರ ಪಾಲೂ ಇದರಲ್ಲಿ ಇದೆ. ಆ ಗಾರ್ಮೆಂಟ್ಸ್ ಹುಡುಗಿಗೆ ನಾಲ್ಕು ದಿನ ಸಂಬಳದ ರಜೆ ಸಿಕ್ಕಿದ್ದರೆ ಅವಳು ಮಗುವಿಗೆ ಮಂಕಿ ಕ್ಯಾಪು ಹಾಕಿ ಹೊರಡುತ್ತಿರಲಿಲ್ಲ. ಮಾಲೀಕರ ಮನಸ್ಸು ಬದಲಿಸುವುದು ನಮ್ಮ ಕೈಯಲ್ಲಿಲ್ಲ, ನಮ್ಮ ಮನೆಯ ಫೋನು ನಮ್ಮ ಕೈಯಲ್ಲಿದೆ. ಈ ಸಲ ಹಬ್ಬಕ್ಕೆ ಕರೆಯುವಾಗ ನಾವೇ ಮೊದಲು ಹೇಳಿಬಿಡೋಣ: “ಹುಷಾರಿಲ್ಲದಿದ್ರೆ ಬರಬೇಡ ಮಗಾ, ಮುಂದಿನ ತಿಂಗಳು ಬಾ. ಒಬ್ಬಟ್ಟು ಆಗಲೂ ಮಾಡೋಣ.”